ಗುಮ್ಮಟ ಗುಂಡಗೇ ಇರಲಿ: ವೈಡ್‌ಸ್ಕ್ರೀನ್ ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ ಆಕಾರ ಕೆಟ್ಟರೆ ಏನು ಮಾಡಬೇಕು

ವಿಜಯಪುರದ ಮದುವೆ ವಿಡಿಯೊ ಅಂದರೆ ಅದರಲ್ಲಿ ಗೋಳಗುಮ್ಮಟ ಒಂದು ಸಲವಾದರೂ ಬರಲೇಬೇಕು. ಮದುಮಕ್ಕಳು ಮುಂದೆ, ಗುಮ್ಮಟ ಹಿಂದೆ. ಕೆಲವು ವರ್ಷಗಳ ಹಿಂದೆ ನಾನು ಎಡಿಟ್ ಮಾಡಿ ಕೊಟ್ಟ ಒಂದು ಮದುವೆಯಲ್ಲಿ ಈ ಗುಮ್ಮಟ ಮಗುಚಿಟ್ಟ ಪರಾತದ ಹಾಗೆ ಚಪ್ಪಟೆಯಾಗಿತ್ತು. ಮದುಮಗಳ ತಂದೆ ಗುಮ್ಮಟ ನೋಡಲಿಲ್ಲ. ಅವರ ಕಣ್ಣೆಲ್ಲ ತಮ್ಮ ಮೇಲೇ. "ಏನ್ರೀ ಇದು, ನಾ ಇಷ್ಟು ದಪ್ಪ ಅದೀನೇನ್ರೀ?" ಅಂದರು. "ಅದೀರಿ ಬಿಡ್ರಿ" ಅಂತ ಪಕ್ಕದಲ್ಲಿ ಕೂತಿದ್ದ ಅವರ ಮನೆಯವರು ನಕ್ಕರು. ನಾನೂ ನಕ್ಕೆ. ಆದರೆ ತಪ್ಪು ನನ್ನದೇ ಅಂತ ಆಗಲೇ ಗೊತ್ತಾಗಿತ್ತು. ಮೂರು ಗಂಟೆಯ ವಿಡಿಯೊ, ರಾತ್ರಿಯಿಡೀ ಮತ್ತೆ ರೆಂಡರ್, ಅಂದರೆ ಇಡೀ ಫೈಲ್ ಮತ್ತೆ ತಯಾರಿಸುವುದು.

ಆಮೇಲೆ ಇಂಥ ತೊಂದರೆ ಬಂದಾಗಲೆಲ್ಲ ನಾನು ಒಂದೇ ಕ್ರಮದಲ್ಲಿ ಹುಡುಕುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವಿಡಿಯೊದ ಆಕಾರ ನಾಲ್ಕು ಕಡೆ ತೀರ್ಮಾನವಾಗುತ್ತದೆ. ಕ್ಯಾಮೆರಾದಿಂದ ಬಂದ ಕ್ಲಿಪ್, ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಎಡಿಟಿಂಗ್ ಟೈಮ್‌ಲೈನ್, ಮುಗಿದ ವಿಡಿಯೊವನ್ನು ಫೈಲ್ ಆಗಿ ಹೊರತೆಗೆಯುವ ಎಕ್ಸ್‌ಪೋರ್ಟ್ ಸೆಟ್ಟಿಂಗ್, ಕೊನೆಗೆ ನೋಡುವ ಪರದೆ. ನಾಲ್ಕರಲ್ಲಿ ಯಾವುದೋ ಒಂದು ಕಡೆ ಒಂದು ಸಂಖ್ಯೆಯನ್ನು ತಪ್ಪಾಗಿ ಓದಿಕೊಂಡಿರುತ್ತದೆ, ಅಷ್ಟೇ. ಆ ಜಾಗ ಹುಡುಕಿ ಸಂಖ್ಯೆ ಸರಿ ಮಾಡಬೇಕು. ಬಹಳ ಜನ ಹಾಗೆ ಮಾಡುವುದಿಲ್ಲ. ಕ್ಲಿಪ್ ಹಿಡಿದು ಸ್ಕೇಲ್ ವಿಡ್ತ್ ಎಳೆದು, ಕಣ್ಣಳತೆಯಲ್ಲಿ ಸರಿ ಮಾಡಿಬಿಡುತ್ತಾರೆ. ಒಂದು ಕ್ಲಿಪ್ ಸರಿಯಾಗುತ್ತದೆ, ಮುಂದಿನ ನಲವತ್ತು ಕ್ಲಿಪ್ ನಲವತ್ತು ಥರ ಕಾಣುತ್ತವೆ. ದಯವಿಟ್ಟು ಎಳೆಯಬೇಡಿ.

ಮೊದಲು ಒಂದು ದುಂಡು ಮಾಡಿಟ್ಟುಕೊಳ್ಳಿ

ಯಾವುದಾದರೂ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ 1000×1000 ಪಿಕ್ಸೆಲ್‌ನ ಖಾಲಿ ಚಿತ್ರ ತೆರೆಯಿರಿ. ಅಂಚಿಗೆ ತಾಗುವ ಹಾಗೆ ಬಿಳಿ ಗೆರೆಯ ಒಂದು ದುಂಡು ಹಾಕಿ. ಒಳಗೆ ತುಂಬಬೇಡಿ, ಬಳೆಯ ಹಾಗೆ ಬರೀ ಗೆರೆ ಸಾಕು. ಹಿನ್ನೆಲೆ ಪಾರದರ್ಶಕ ಇರುವಂತೆ ಪಿಎನ್‌ಜಿ ಫೈಲ್ ಆಗಿ ಉಳಿಸಿ. ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಈ ಫೈಲಿನ ಹೆಸರು 'ರೊಟ್ಟಿ'.

ಆಕಾರದ ಬಗ್ಗೆ ಅನುಮಾನ ಬಂದ ಕೂಡಲೇ ರೊಟ್ಟಿಯನ್ನು ಟೈಮ್‌ಲೈನ್‌ನ ಮೇಲಿನ ಟ್ರ್ಯಾಕ್‌ನಲ್ಲಿ ಇಡಿ. ಜೊತೆಗೆ ಕ್ಲಿಪ್ ಒಳಗೇ ಇರುವ ಒಂದು ದುಂಡನೆಯ ವಸ್ತು ಹುಡುಕಿ. ಗೋಡೆ ಗಡಿಯಾರ, ನೇರ ಪಕ್ಕದಿಂದ ಕಾಣುವ ಬೈಕಿನ ಗಾಲಿ, ಯಾವುದಾದರೂ ಸರಿ. ಆರತಿ ತಟ್ಟೆ ಬೇಡ. ಅದು ಓರೆಯಾಗಿ ಇರುವುದರಿಂದ ಸರಿಯಾದ ವಿಡಿಯೊದಲ್ಲೂ ಅಂಡಾಕಾರವೇ ಕಾಣುತ್ತದೆ. ಇಪ್ಪತ್ತು ಸೆಕೆಂಡ್ ಎಕ್ಸ್‌ಪೋರ್ಟ್ ಮಾಡಿ ನೋಡಿ.

ರೊಟ್ಟಿ ದುಂಡಗಿದೆ, ಗಡಿಯಾರ ಮಾತ್ರ ಮೊಟ್ಟೆಯಾಗಿದೆ ಅಂದರೆ ತಪ್ಪು ಕ್ಲಿಪ್‌ನಲ್ಲಿ, ಅಥವಾ ಕ್ಲಿಪ್ ಟೈಮ್‌ಲೈನ್‌ಗೆ ಇಳಿದ ರೀತಿಯಲ್ಲಿ. ಎರಡೂ ಮೊಟ್ಟೆಯಾಗಿದ್ದರೆ ತಪ್ಪು ಎಕ್ಸ್‌ಪೋರ್ಟ್‌ನಲ್ಲಿ ಅಥವಾ ಪರದೆಯಲ್ಲಿ. ಅರ್ಧ ಹುಡುಕಾಟ ಇಲ್ಲೇ ಮುಗಿಯಿತು.

ಇನ್ನರ್ಧ ಅಳತೆಯಲ್ಲಿದೆ. ಸ್ಕ್ರೀನ್‌ಶಾಟ್ ತೆಗೆದು ದುಂಡಿನ ಅಗಲವನ್ನು ಎತ್ತರದಿಂದ ಭಾಗಿಸಿ. 1 ಬಂದರೆ ಎಲ್ಲ ಸರಿ. 1.33 ಬಂದರೆ 4:3 ಚಿತ್ರವನ್ನು (ಅಗಲ 4, ಎತ್ತರ 3, ಹಳೆಯ ಟಿವಿಯ ಆಕಾರ) 16:9ಕ್ಕೆ (ಈಗಿನ ಅಗಲ ಟಿವಿಯ ಆಕಾರ) ಹಿಗ್ಗಿಸಿದ್ದಾರೆ. 0.75 ಬಂದರೆ 16:9 ಚಿತ್ರವನ್ನು 4:3 ಒಳಗೆ ಒತ್ತಿದ್ದಾರೆ. 0.70 ಬಂದರೆ ಹಳೆಯ ಡಿವಿ (ಡಿಜಿಟಲ್ ವಿಡಿಯೊ) ಟೇಪಿನ ವೈಡ್‌ಸ್ಕ್ರೀನ್ ಅನ್ನು ಸಾಫ್ಟ್‌ವೇರ್ ಚೌಕ ಪಿಕ್ಸೆಲ್ ಅಂತ ಓದಿದೆ, ಪಿಕ್ಸೆಲ್ ಆಕಾರದ ಕಥೆ ಮುಂದೆ ಬರುತ್ತದೆ. 0.94 ಬಂದರೆ ಅದೇ ಡಿವಿಯ 4:3 ಕ್ಲಿಪ್, ಇಲ್ಲವೇ 4096×2160ರ ಸಿನಿಮಾ 4ಕೆ ಅನ್ನು ಯಾರೋ 3840×2160 ಒಳಗೆ ಅಮುಕಿದ್ದಾರೆ. ಕ್ಲಿಪ್ ಒಳಗಿನ ಗಡಿಯಾರದ ಅಳತೆ ಇಷ್ಟು ನಿಖರವಾಗಿ ಬರುವುದಿಲ್ಲ, ಆದರೂ ಹತ್ತಿರ ಬರುತ್ತದೆ.

ನನ್ನ ಚಪ್ಪಟೆ ಗುಮ್ಮಟದ ಅಳತೆ ಸುಮಾರು 1.34 ಬಂದಿತ್ತು. 4:3 ಹಿಗ್ಗಿದೆ ಅಂದುಕೊಂಡು ಒಂದು ತಾಸು ಕ್ಲಿಪ್‌ಗಳಲ್ಲೇ ಹುಡುಕಿದೆ. ಕಾರಣ ಬೇರೆಯೇ ಇತ್ತು. ಮುಂದೆ ಹೇಳುತ್ತೇನೆ.

ಟಿವಿಯ ಮೇಲೆ ಮೊದಲ ಅನುಮಾನ

ಗಿರಾಕಿ ಫೋನ್ ಮಾಡಿ "ವಿಡಿಯೊ ಎಳದಂಗ ಕಾಣತೈತ್ರಿ" ಅಂದ ಕೂಡಲೇ ಪ್ರಾಜೆಕ್ಟ್ ತೆರೆಯಬೇಡಿ. ಟಿವಿ ರಿಮೋಟ್‌ನಲ್ಲಿ ಪಿಕ್ಚರ್ ಸೈಜ್ ಅಥವಾ ಸ್ಕ್ರೀನ್ ಮೋಡ್ ಅಂತ ಏನಿದೆ ನೋಡಿ ಅಂತ ಹೇಳಿ. ಅಲ್ಲಿ 16:9, 4:3, ಜೂಮ್ ಅಂತೆಲ್ಲ ಇರುತ್ತದೆ. ಮನೆಯ ಮಕ್ಕಳು ಯಾವಾಗಲೋ ಒತ್ತಿಬಿಟ್ಟಿರುತ್ತಾರೆ. ಡಿವಿಡಿ ಪ್ಲೇಯರ್ ಇದ್ದರೆ ಅದರ ಸೆಟಪ್‌ನಲ್ಲೂ ಟಿವಿ ಟೈಪ್ ಅಂತ ಬೇರೆ ಇರುತ್ತದೆ. ಅಗಲ ಟಿವಿಗೆ ಜೋಡಿಸಿ ಪ್ಲೇಯರ್‌ನಲ್ಲಿ 4:3 ಅಂತ ಬಿಟ್ಟಿದ್ದರೆ ಚಿತ್ರ ಕೆಡುವುದು ಖಂಡಿತ.

ಕಂಪ್ಯೂಟರ್‌ನಲ್ಲಿ ವಿಡಿಯೊ ನೋಡಲು ವಿಎಲ್‌ಸಿ ಪ್ಲೇಯರ್ ಬಳಸುವವರು ಇನ್ನೊಂದು ನೋಡಬೇಕು. ಅದರಲ್ಲಿ 'ಎ' ಕೀ ಒತ್ತಿದರೆ ಆಸ್ಪೆಕ್ಟ್ ರೇಶಿಯೊ, ಅಂದರೆ ಅಗಲ-ಎತ್ತರದ ಅನುಪಾತ, ಬದಲಾಗುತ್ತಾ ಹೋಗುತ್ತದೆ. ಕೈ ತಾಗಿ ಬದಲಾಗಿದ್ದರೆ ಫೈಲ್ ಸರಿ ಇದ್ದರೂ ತಪ್ಪು ಕಾಣುತ್ತದೆ. ಮತ್ತೆ ಮತ್ತೆ ಒತ್ತಿ ಡೀಫಾಲ್ಟ್‌ಗೆ ತನ್ನಿ.

ಫೈಲ್ ತನ್ನ ಬಗ್ಗೆ ಏನು ಹೇಳುತ್ತದೆ

ಮೀಡಿಯಾಇನ್ಫೊ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಇಲ್ಲದಿದ್ದರೆ ಇವತ್ತೇ ಹಾಕಿಕೊಳ್ಳಿ. ಫೈಲನ್ನು ಅದರೊಳಗೆ ಎಳೆದು ಬಿಟ್ಟರೆ ಅಗಲ ಎಷ್ಟು, ಎತ್ತರ ಎಷ್ಟು, ಡಿಸ್‌ಪ್ಲೇ ಆಸ್ಪೆಕ್ಟ್ ರೇಶಿಯೊ ಎಷ್ಟು ಅಂತ ತೋರಿಸುತ್ತದೆ. ಮೊದಲ ಎರಡನ್ನು ಭಾಗಿಸಿ ಮೂರನೆಯದರ ಜೊತೆ ಹೋಲಿಸಿ.

1920×1080 ಅಂದರೆ 1.778. 16:9 ಅಂದರೂ 1.778. ತಾಳೆಯಾಯಿತು. ಹೀಗೆ ತಾಳೆಯಾಗದ ಫೈಲೂ ಇರುತ್ತದೆ, ಅದು ಯಾವಾಗಲೂ ತಪ್ಪಲ್ಲ. ಇದನ್ನು ಸ್ವಲ್ಪ ನಿಂತು ಅರ್ಥ ಮಾಡಿಕೊಳ್ಳಬೇಕು. ಬಹಳಷ್ಟು ಎಡಿಟರ್‌ಗಳು ಎಡವುವುದು ಇಲ್ಲೇ.

ನಮ್ಮ ದೇಶದ ಹಳೆಯ ಟಿವಿ ಪದ್ಧತಿ ಪಾಲ್. ಅದರ ಡಿವಿ ಟೇಪಿನ ಚಿತ್ರ 720×576. ಭಾಗಿಸಿದರೆ 1.25. ಇದು 4:3ರ 1.33 ಅಲ್ಲ, 16:9ರ 1.78 ಅಂತೂ ಅಲ್ಲವೇ ಅಲ್ಲ. ಯಾಕೆಂದರೆ ಅದರ ಪಿಕ್ಸೆಲ್ ಚೌಕವಾಗಿಲ್ಲ, ಸ್ವಲ್ಪ ಅಡ್ಡಗಲ. 4:3ರಲ್ಲಿ ಒಂದೊಂದು ಪಿಕ್ಸೆಲ್ ತನ್ನ ಎತ್ತರದ 1.0667ರಷ್ಟು ಅಗಲ. 720ನ್ನು ಅದರಿಂದ ಗುಣಿಸಿದರೆ 768. 768×576 ಸರಿಯಾಗಿ 4:3. ವೈಡ್‌ಸ್ಕ್ರೀನ್‌ನಲ್ಲಿ ಅದೇ 720 ಪಿಕ್ಸೆಲ್, ಆದರೆ ಒಂದೊಂದೂ 1.4222ರಷ್ಟು ಅಗಲ. ಗುಣಿಸಿದರೆ 1024. 1024×576 ಸರಿಯಾಗಿ 16:9. ಅಂದರೆ ಎರಡೂ ಥರದ ಟೇಪಿನಲ್ಲಿ ಪಿಕ್ಸೆಲ್ ಲೆಕ್ಕ ಒಂದೇ. ಬೇರೆ ಇರುವುದು 'ನನ್ನನ್ನು ಇಷ್ಟು ಅಗಲ ತೋರಿಸಿ' ಎಂಬ ಒಂದು ಚೀಟಿ ಮಾತ್ರ. ಈ ಚೀಟಿಗೇ ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೊ ಅನ್ನುತ್ತಾರೆ. ಕ್ಯಾಪ್ಚರ್ ಮಾಡುವಾಗ, ಫಾರ್ಮ್ಯಾಟ್ ಬದಲಿಸುವಾಗ ಚೀಟಿ ಕಳೆದುಹೋಯಿತು ಅಂದರೆ ಮೊಟ್ಟೆ.

ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಬಳಸುವವರು ಈ ಸಂಖ್ಯೆಗಳನ್ನು ಹುಡುಕಿದರೆ 1.0940 ಮತ್ತು 1.4587 ಸಿಗುತ್ತವೆ. ಗಾಬರಿ ಬೇಡ. 2008ರಲ್ಲಿ ಅದರ ಸಿಎಸ್4 ಆವೃತ್ತಿ ಬಂದಾಗ ಅಡೋಬಿ ಲೆಕ್ಕ ಬದಲಿಸಿತು. 720ರಲ್ಲಿ ಎಡಬಲದ ಕೆಲವು ಪಿಕ್ಸೆಲ್ ನಿಜವಾದ ಚಿತ್ರವಲ್ಲ, ಬರೀ ಅಂಚು ಅಂತ ಹಿಡಿದರೆ ಈ ಸಂಖ್ಯೆ ಬರುತ್ತದೆ. ವ್ಯತ್ಯಾಸ ನೂರಕ್ಕೆ ಎರಡೂವರೆ ಅಷ್ಟೇ, ಕಣ್ಣಿಗೆ ಗೊತ್ತಾಗುವುದಿಲ್ಲ. ಹಳೆ ಟೇಪಿನ ಎಡಬಲ ಸಣ್ಣ ಕಪ್ಪು ಗೆರೆ ಕಾಣುತ್ತದಲ್ಲ, ಅದೇ ಈ ಅಂಚು. ಕ್ರಾಪ್ ಮಾಡಿಬಿಡಿ.

ಎಲ್ಲಕ್ಕಿಂತ ಕೆಟ್ಟ ಬಲೆ 1440×1080. ಎಚ್‌ಡಿವಿ, ಅಂದರೆ ಟೇಪಿನ ಮೇಲೆ ಎಚ್‌ಡಿ ಹಿಡಿಯುವ ಕ್ಯಾಮೆರಾಗಳಲ್ಲಿ ಹೆಚ್ಚಿನವು ಕೊಡುವುದು ಇದನ್ನೇ. ಪಿಕ್ಸೆಲ್ ರೇಶಿಯೊ 1.3333, ಗುಣಿಸಿದರೆ 1920, ಹಾಗಾಗಿ ಅದು 16:9. ಆದರೆ ಹಳೆಯ 4:3 ವಿಡಿಯೊವನ್ನು ಯಾರಾದರೂ ಎಚ್‌ಡಿಗೆ ಏರಿಸಿ ಕೊಟ್ಟಿದ್ದರೆ ಅದೂ 1440×1080 ಇರಬಹುದು, ಚೌಕ ಪಿಕ್ಸೆಲ್‌ನಲ್ಲಿ. ಆಗ ಅದು 4:3. ಸಂಖ್ಯೆ ಒಂದೇ, ಆಕಾರ ಎರಡು. ಇಲ್ಲಿ ಅಗಲ ಎತ್ತರ ನೋಡಿ ಊಹೆ ಮಾಡುವ ಹಾಗೇ ಇಲ್ಲ. ಒಳಗಿನ ಗಡಿಯಾರ ನೋಡಿಯೇ ತೀರ್ಮಾನ ಮಾಡಬೇಕು.

ಕ್ಲಿಪ್‌ನ ಚೀಟಿ ಸರಿ ಮಾಡುವುದು

ಪ್ರೀಮಿಯರ್‌ನಲ್ಲಿ ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಮಾಡಿಫೈ, ಆಮೇಲೆ ಇಂಟರ್‌ಪ್ರಿಟ್ ಫೂಟೇಜ್. ಅಲ್ಲಿ ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೊ ಕೆಳಗೆ ಕನ್ಫಾರ್ಮ್ ಟು ಆಯ್ಕೆ ಮಾಡಿ ಸರಿಯಾದದ್ದನ್ನು ಹಾಕಿ. ಒಂದೇ ಟೇಪಿನ ಕ್ಲಿಪ್‌ಗಳನ್ನೆಲ್ಲ ಒಟ್ಟಿಗೆ ಆರಿಸಿಕೊಂಡರೆ ಒಂದೇ ಸಲಕ್ಕೆ ಆಗುತ್ತದೆ.

ಡಾವಿಂಚಿ ರಿಸಾಲ್ವ್‌ನಲ್ಲಿ ಮೀಡಿಯಾ ಪೂಲ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್, ಕ್ಲಿಪ್ ಆಟ್ರಿಬ್ಯೂಟ್ಸ್. ಅಲ್ಲೂ ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೊ ಇದೆ. ಕೆಡಿಎನ್‌ಲೈವ್‌ನಲ್ಲಿ ಕ್ಲಿಪ್ ಪ್ರಾಪರ್ಟೀಸ್ ಒಳಗೆ ಆಸ್ಪೆಕ್ಟ್ ರೇಶಿಯೊ ಒತ್ತಾಯವಾಗಿ ಬದಲಿಸುವ ಟಿಕ್ ಇದೆ. ಮೂರರಲ್ಲೂ ಕೆಲಸ ಒಂದೇ, ಚೀಟಿ ಬದಲಿಸುವುದು. ಚಿತ್ರಕ್ಕೆ ಏನೂ ಆಗುವುದಿಲ್ಲ. ಇದಕ್ಕಾಗಿ ಬೇರೆ ಕನ್ವರ್ಟರ್ ಹಾಕಿ ಕ್ವಾಲಿಟಿ ಹಾಳು ಮಾಡಿಕೊಳ್ಳುವುದು ಬೇಡ.

ಟೈಮ್‌ಲೈನ್

ಈಗಿನ ಕಾಲಕ್ಕೆ ಟೈಮ್‌ಲೈನ್ ಅಂದರೆ 1920×1080 ಅಥವಾ 3840×2160, ಚೌಕ ಪಿಕ್ಸೆಲ್, ಅಂದರೆ 1.0. ಹಳೇ ಟೇಪ್ ಇದ್ದರೂ ಟೈಮ್‌ಲೈನ್ ಚೌಕ ಪಿಕ್ಸೆಲ್‌ನಲ್ಲೇ ಇಟ್ಟುಕೊಳ್ಳಿ. ಕ್ಲಿಪ್‌ನ ಚೀಟಿ ಸರಿ ಇದ್ದರೆ ಸಾಫ್ಟ್‌ವೇರ್ ತಾನೇ ಹೊಂದಿಸಿಕೊಳ್ಳುತ್ತದೆ. ಪ್ರೀಮಿಯರ್‌ನಲ್ಲಿ ಟೈಮ್‌ಲೈನ್‌ಗೆ ಸೀಕ್ವೆನ್ಸ್ ಅನ್ನುತ್ತಾರೆ, ಸೀಕ್ವೆನ್ಸ್ ಸೆಟ್ಟಿಂಗ್ಸ್ ತೆರೆದು ಒಮ್ಮೆ ನೋಡಿ. ಮೊದಲ ಕ್ಲಿಪ್ ಎಳೆದು ಹಾಕಿದಾಗ ಸೀಕ್ವೆನ್ಸ್ ತಾನಾಗಿ ಹುಟ್ಟಿದ್ದರೆ ಅದು ಆ ಕ್ಲಿಪ್‌ನ ಗುಣವನ್ನೇ ಹೊತ್ತಿರುತ್ತದೆ. ಮೊದಲು ಬಿದ್ದದ್ದು ಮಾವನ ಮೊಬೈಲ್‌ನ ನಿಂತ ವಿಡಿಯೊ ಆಗಿದ್ದರೆ ಇಡೀ ಮದುವೆ ನಿಂತುಕೊಂಡೇ ಆಗುತ್ತದೆ.

ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಇಮೇಜ್ ಸ್ಕೇಲಿಂಗ್ ಒಳಗೆ ಅಳತೆ ಹೊಂದದ ಫೈಲ್‌ಗಳಿಗೆ ನಾಲ್ಕು ಆಯ್ಕೆ ಇವೆ. ಪೂರ್ತಿ ಚಿತ್ರ ಕೂರಿಸುವುದು, ತುಂಬಿಸಿ ಅಂಚು ಕತ್ತರಿಸುವುದು, ಅಳತೆ ಬದಲಿಸದೆ ನಡುವಿನದನ್ನು ಇಡುವುದು, ನಾಲ್ಕು ಮೂಲೆಗೂ ಎಳೆಯುವುದು. ಕೊನೆಯದರ ಹೆಸರು ಸ್ಟ್ರೆಚ್ ಅಂತ ಶುರುವಾಗುತ್ತದೆ. ಅದನ್ನು ಮುಟ್ಟಬೇಡಿ. ಮೊದಲನೆಯದು ಯಾವತ್ತೂ ಮೋಸ ಮಾಡುವುದಿಲ್ಲ.

ಎಕ್ಸ್‌ಪೋರ್ಟ್: ನನ್ನ ಗುಮ್ಮಟ ಚಪ್ಪಟೆಯಾದ ಜಾಗ

ಆ ವರ್ಷ ಎಲ್ಲರಿಗೂ ಸಿನಿಮಾ ಥರ ಮೇಲೆ ಕೆಳಗೆ ಕಪ್ಪು ಪಟ್ಟಿ ಬೇಕಾಗಿತ್ತು. ನಾನು 1920×1080ರಲ್ಲಿ ಎಡಿಟ್ ಮಾಡಿ, ಎಕ್ಸ್‌ಪೋರ್ಟ್ ಮಾಡುವಾಗ ಎತ್ತರವನ್ನು 804 ಅಂತ ಹಾಕಿದೆ. ಲೆಕ್ಕ ಸರಿಯೇ ಇತ್ತು, ಸಿನಿಮಾ ಚಿತ್ರದ ಅಗಲ ಎತ್ತರದ 2.39 ಪಟ್ಟು, 1920ನ್ನು 2.39ರಿಂದ ಭಾಗಿಸಿದರೆ ಸುಮಾರು 803. ಸಮಸಂಖ್ಯೆ ಬೇಕು ಅಂತ 804. ಆದರೆ ಕೆಳಗೆ ಇನ್ನೊಂದು ಪಟ್ಟಿ ಇದೆ, ಸ್ಕೇಲಿಂಗ್ ಅಂತ. ಅದರಲ್ಲಿ ಸ್ಟ್ರೆಚ್ ಟು ಫಿಲ್ ಅಂತ ಹಿಂದಿನ ಯಾವುದೋ ಕೆಲಸದ್ದು ಉಳಿದುಬಿಟ್ಟಿತ್ತು. ಹಾಗಾಗಿ 1080 ಎತ್ತರದ ಚಿತ್ರವನ್ನು 804ಕ್ಕೆ ಅಮುಕಿ ಕೊಟ್ಟಿತು. 1080 ಭಾಗಿಸು 804, 1.34. 4:3 ಹಿಗ್ಗಿದಾಗ ಬರುವ 1.33ರ ಅವಳಿ. ಅದಕ್ಕೇ ನಾನು ಮೋಸ ಹೋದದ್ದು.

ಆ ಸ್ಕೇಲಿಂಗ್ ಪಟ್ಟಿಯಲ್ಲಿ ಮೂರು ಇರುತ್ತವೆ. ಸ್ಕೇಲ್ ಟು ಫಿಟ್ ಅಂದರೆ ಆಕಾರ ಉಳಿಸಿ, ಉಳಿದ ಜಾಗಕ್ಕೆ ಕಪ್ಪು. ಸ್ಕೇಲ್ ಟು ಫಿಲ್ ಅಂದರೆ ಆಕಾರ ಉಳಿಸಿ, ಹೊರಗೆ ಹೋದದ್ದನ್ನು ಕತ್ತರಿಸು. ಸ್ಟ್ರೆಚ್ ಟು ಫಿಲ್ ಅಂದರೆ ಆಕಾರ ಹಾಳಾದರೂ ಸರಿ, ತುಂಬಿಸು. ಸಿನಿಮಾ ಪಟ್ಟಿಗೆ ಬೇಕಾದದ್ದು ಎರಡನೆಯದು. ಅದಕ್ಕಿಂತ ಒಳ್ಳೆಯದು ಟೈಮ್‌ಲೈನ್ ಅನ್ನೇ 1920×804 ಮಾಡಿಕೊಳ್ಳುವುದು. ಯಾರ ತಲೆ ಕತ್ತರಿಸಿ ಹೋಗುತ್ತಿದೆ ಅಂತ ಎಡಿಟ್ ಮಾಡುವಾಗಲೇ ಕಾಣುತ್ತದೆ. ನಮ್ಮ ಕಡೆ ಮದುವೆಯಲ್ಲಿ ಪಟಗಾ ಅರ್ಧ ಕಟ್ ಆದರೆ ಸುಮ್ನೆ ಬಿಡುತ್ತಾರಾ?

ಉಳಿದಂತೆ ಎಕ್ಸ್‌ಪೋರ್ಟ್ ಸರಳ. ಯೂಟ್ಯೂಬ್, ಮೊಬೈಲ್, ಪೆನ್‌ಡ್ರೈವ್‌ಗೆಲ್ಲ ಟೈಮ್‌ಲೈನ್ ಎಷ್ಟಿದೆಯೋ ಅಷ್ಟೇ, ಚೌಕ ಪಿಕ್ಸೆಲ್. ಇನ್ನೂ ಡಿವಿಡಿ ಕೇಳುವ ಹಿರಿಯರು ಇದ್ದಾರೆ. ಅವರಿಗೆ ಎಂಪೆಗ್2 ಡಿವಿಡಿ, ಪಾಲ್, 720×576, 25 ಫ್ರೇಮ್. ಆಸ್ಪೆಕ್ಟ್ ಅನ್ನುವ ಕಡೆ ವೈಡ್‌ಸ್ಕ್ರೀನ್ 16:9 ಆರಿಸುವುದನ್ನು ಮಾತ್ರ ಮರೆಯಬೇಡಿ. ಎನ್‌ಟಿಎಸ್‌ಸಿ ಪ್ರೀಸೆಟ್ ಒತ್ತಿದರೆ 720×480 ಆಗುತ್ತದೆ, ಅದು ನಮಗಲ್ಲ.

ಕಪ್ಪು ಪಟ್ಟಿ ತಪ್ಪಲ್ಲ

4:3 ಚಿತ್ರ 16:9 ಪರದೆಯಲ್ಲಿ ಕೂತಾಗ ಎಡಬಲ ಕಪ್ಪು ಬರುತ್ತದೆ. ಸಿನಿಮಾದ ಇನ್ನೊಂದು ಅಳತೆ 2.35 ಕೂತಾಗ ಮೇಲೆ ಕೆಳಗೆ ಬರುತ್ತದೆ. ಎರಡರಲ್ಲೂ ಸುಮಾರು ಕಾಲು ಭಾಗ ಪರದೆ ಖಾಲಿ. ಇದು ಆಕಸ್ಮಿಕವಲ್ಲ. 1984ರಲ್ಲಿ ಸಿನಿಮಾ-ಟಿವಿ ಎಂಜಿನಿಯರ್‌ಗಳ ಎಸ್‌ಎಂಪಿಟಿಇ ಸಂಸ್ಥೆಯ ಕರ್ನ್ಸ್ ಪವರ್ಸ್ 16:9 ಸೂಚಿಸಿದ್ದೇ ಈ ಎಲ್ಲ ಅಳತೆಗಳಿಗೂ ಹೆಚ್ಚುಕಡಿಮೆ ಸಮನಾಗಿ ಹೊಂದುತ್ತದೆ ಅಂತ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಅನ್ಯಾಯ, ಯಾರಿಗೂ ಪೂರ್ತಿ ಅನ್ಯಾಯವಿಲ್ಲ.

ಹಾಗಾಗಿ ಅಜ್ಜ ಅಜ್ಜಿಯ ಮದುವೆ ಟೇಪ್ ಎಡಬಲ ಕಪ್ಪಾಗಿ ಕಂಡರೆ ಹಾಗೇ ಬಿಡಿ. ತುಂಬಿಸಿ ಕೊಡಿ ಅಂತ ಹಟ ಹಿಡಿದರೆ ಅದೇ ಕ್ಲಿಪ್‌ನ ಮಸುಕು ಮಾಡಿದ ಪ್ರತಿಯನ್ನು ಹಿಂದೆ ಇಡಬಹುದು. ನಿಂತ ಮೊಬೈಲ್ ವಿಡಿಯೊಗೂ ಅದೇ ಉಪಾಯ. 1080 ಎತ್ತರದಲ್ಲಿ ಅದರ ಅಗಲ ಸುಮಾರು 608 ಪಿಕ್ಸೆಲ್, ಪರದೆಯ ಮೂರನೇ ಒಂದು ಭಾಗವೂ ಇಲ್ಲ. ನನಗೆ ಮಸುಕು ಹಿನ್ನೆಲೆ ಅಷ್ಟೇನೂ ಇಷ್ಟವಿಲ್ಲ, ಕಣ್ಣು ಪಕ್ಕಕ್ಕೆ ಹೋಗುತ್ತದೆ. ಆದರೆ ದುಡ್ಡು ಕೊಡುವವರು ಅವರು.

ನಾಲ್ಕೂ ಕಡೆ ಕಪ್ಪು ಬಂದು ಚಿತ್ರ ನಡುವೆ ಅಂಚೆ ಚೀಟಿಯಂತೆ ಕೂತರೆ ಮಾತ್ರ ಅದು ತಪ್ಪು. 16:9 ಚಿತ್ರವನ್ನು ಮೊದಲು ಯಾರೋ 4:3 ಒಳಗೆ ಕಪ್ಪು ಪಟ್ಟಿ ಸಮೇತ ಇಟ್ಟಿದ್ದಾರೆ, ಆಮೇಲೆ ಅದು ಮತ್ತೆ 16:9ಕ್ಕೆ ಬಂದಿದೆ. ಎತ್ತರ ಪೂರ್ತಿ ಕೂತಿರುವ ಕ್ಲಿಪ್‌ನ ಸ್ಕೇಲ್ ಅನ್ನು ಅಲ್ಲಿಂದ 1.333 ಪಟ್ಟು ಏರಿಸಿ, ನೂರು ಇದ್ದರೆ 133.3. ಅಗಲ ಎತ್ತರ ಎರಡೂ ಒಟ್ಟಿಗೆ ಹೆಚ್ಚುವುದರಿಂದ ಇದು ಎಳೆತವಲ್ಲ. ಆದರೆ ಪಾಲ್ ಟೇಪ್ ಆಗಿದ್ದರೆ 576 ಗೆರೆಗಳಲ್ಲಿ 432ರಲ್ಲಿ ಮಾತ್ರ ಚಿತ್ರ ಇರುವುದು. ಅದು ಮಂದವಾಗೇ ಕಾಣುತ್ತದೆ ಅಂತ ಗಿರಾಕಿಗೆ ಮೊದಲೇ ಹೇಳಿಬಿಡಿ.

ಎಲ್‌ಇಡಿ ವಾಲ್ ಬೇರೆ ಲೋಕ

ಈಗ ಕಲ್ಯಾಣ ಮಂಟಪದಲ್ಲಿ, ಜಾತ್ರೆಯ ವೇದಿಕೆಯಲ್ಲಿ ಎಲ್‌ಇಡಿ ವಾಲ್ ಇದ್ದೇ ಇರುತ್ತದೆ. ಅದು ತುಂಡು ತುಂಡು ಪ್ಯಾನೆಲ್ ಜೋಡಿಸಿದ್ದು. ಎಷ್ಟು ಪ್ಯಾನೆಲ್ ಹಾಕಿದರೋ ಅಷ್ಟೇ ಆಕಾರ. 12×8 ಅಡಿ ವಾಲ್ ಅಂದರೆ 3:2. ಅದು 16:9 ಅಲ್ಲ. 12 ಅಡಿ ಅಗಲಕ್ಕೆ 16:9ರ ಎತ್ತರ 6 ಅಡಿ 9 ಇಂಚು. ಉಳಿಯುವುದು 15 ಇಂಚು, ಮೇಲೆ ಏಳೂವರೆ, ಕೆಳಗೆ ಏಳೂವರೆ ಕಪ್ಪು. ಕಪ್ಪು ಚಂದ ಕಾಣುವುದಿಲ್ಲ ಅಂತ ಆಪರೇಟರ್ ಪೂರ್ತಿ ಎಳೆದುಬಿಟ್ಟರೆ ಎಲ್ಲರೂ ನೂರಕ್ಕೆ ಹದಿನೆಂಟು ಉದ್ದವಾಗುತ್ತಾರೆ. ಮದುಮಗ ಎತ್ತರ ಕಂಡ ಅಂತ ಯಾರೂ ಜಗಳಕ್ಕೆ ಬರುವುದಿಲ್ಲ, ನಿಜ. ಆದರೂ ಹಿಂದಿನ ದಿನವೇ ಆಪರೇಟರ್‌ಗೆ ಫೋನ್ ಮಾಡಿ ವಾಲ್ ಎಷ್ಟು ಪಿಕ್ಸೆಲ್ ಇದೆ ಕೇಳಿ. ಗೊತ್ತಿಲ್ಲ ಅಂದರೆ ಎಷ್ಟು ಅಡಿ ಅಂತಾದರೂ ಕೇಳಿ. 3:2 ಆಗಿದ್ದರೆ 1620×1080ರ ಟೈಮ್‌ಲೈನ್ ಮಾಡಿ ಬೇರೆಯೇ ಫೈಲ್ ಕೊಡಿ.

ಕೊಟ್ಟಾಗಿದೆ, ಮೂಲ ಪ್ರಾಜೆಕ್ಟ್ ಇಲ್ಲ

ಫೈಲ್ ಒಳಗಿನ ಚಿತ್ರ ಸರಿ ಇದ್ದು ಚೀಟಿ ಮಾತ್ರ ತಪ್ಪಿದ್ದರೆ ಮತ್ತೆ ರೆಂಡರ್ ಬೇಕಿಲ್ಲ. ಎಂಕೆವಿ ಟೂಲ್‌ನಿಕ್ಸ್ ಅನ್ನುವ ಸಾಫ್ಟ್‌ವೇರ್‌ಗೆ ಫೈಲ್ ಹಾಕಿ, ವಿಡಿಯೊ ಟ್ರ್ಯಾಕ್ ಆರಿಸಿ, ಆಸ್ಪೆಕ್ಟ್ ರೇಶಿಯೊ ಜಾಗದಲ್ಲಿ 16/9 ಅಂತ ಬರೆದು ಹೊಸ ಫೈಲ್ ಮಾಡಿಸಿ. ಕೆಲವೇ ನಿಮಿಷ ಸಾಕು, ಕ್ವಾಲಿಟಿ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಕೆಲವು ಟಿವಿಗಳು ಈ ಚೀಟಿ ಓದುವುದಿಲ್ಲ. ಆಗ ಹ್ಯಾಂಡ್‌ಬ್ರೇಕ್ ಅನ್ನುವ ಕನ್ವರ್ಟರ್‌ನಲ್ಲಿ ಡೈಮೆನ್ಶನ್ಸ್ ಒಳಗೆ ಅನಾಮಾರ್ಫಿಕ್ (ಚೌಕವಲ್ಲದ ಪಿಕ್ಸೆಲ್) ಅನ್ನುವುದನ್ನು 'ನನ್' (ಬೇಡ) ಅಂತ ಮಾಡಿ, ಚೌಕ ಪಿಕ್ಸೆಲ್‌ಗೆ ತಿರುಗಿಸಿ ಕೊಡಿ. ಸ್ವಲ್ಪ ಕ್ವಾಲಿಟಿ ಹೋಗುತ್ತದೆ, ಆದರೆ ಎಲ್ಲ ಕಡೆ ಒಂದೇ ಥರ ಕಾಣುತ್ತದೆ.

ಕೊನೆಯ ರೆಂಡರ್‌ಗೆ ಮುಂಚೆ ಆ ಇಪ್ಪತ್ತು ಸೆಕೆಂಡಿನ ತುಣುಕನ್ನು ನಿಮ್ಮ ಫೋನಿನಲ್ಲಿ, ಒಂದು ಟಿವಿಯಲ್ಲಿ, ಎರಡೂ ಕಡೆ ನೋಡಿ. ರೊಟ್ಟಿ ಎರಡರಲ್ಲೂ ದುಂಡಗಿದ್ದರೆ ಅದನ್ನು ಟೈಮ್‌ಲೈನ್‌ನಿಂದ ತೆಗೆದು ರೆಂಡರ್‌ಗೆ ಹಾಕಿ. ತೆಗೆಯುವುದು ಮುಖ್ಯ. ಒಮ್ಮೆ ನಾನು ಮರೆತೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಮದುಮಗನ ತಲೆಯ ಸುತ್ತ ಬಿಳಿ ದುಂಡು ಬಂದು ನಿಂತಿತ್ತು. ನೋಡಿದ ಅವನ ಅಜ್ಜಿ, "ಪ್ರಭಾವಳಿ ಹಾಕೀರಲ್ಲಪಾ, ಚಲೋ ಆಗೇದ ನೋಡು" ಅಂದರು.